ಚೆಂಡಿಲ್ಲದ ವಾಲಿಬಾಲ್

ನನ್ನ ತಂಗಿ ಪರದೇಶದಲ್ಲಿದ್ದ ಒಂದು ವರ್ಷದಲ್ಲಿ ನನ್ನಲ್ಲಿ ಕೇಳಿದ್ದು ಒಂದೇ ಒಂದು ಉಪಕಾರ. ಊರಿನ ಕ್ಲಬ್ಬಿಗೆ ಹೋಗಿ, ಅವರು ಆಡಿ ಬಿಟ್ಟ ಹಳೆಯ ವಾಲಿಬಾಲ್‌ಗಳಿದ್ದರೆ ಕೇಳಿ ತಂದಿಡಬೇಕು. ಕ್ಲಬ್ಬು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನಾನು ಕೇಳಲಿಲ್ಲ. ಕೇಳಿದೆ, ಅವರು ಕೊಡಲಿಲ್ಲ ಎಂದು ಅವಳಿಗೆ ಹೇಳಿದೆ.

ಹೇಳಿದರೆ ಇಷ್ಟೇ. ಆದರೆ ಇದನ್ನು ಬರೆಯಲು ನನಗೆ ಬಹಳ ದಿನ ಹಿಡಿಯಿತು.

ನಾನು ಜೀಪು ಓಡಿಸುವವನು. ಹೊಸಂಗಡಿಯಿಂದ ವರ್ಕಾಡಿಯ ಒಳಗಿನ ಗುಡ್ಡಗಳ ಕಡೆಗೆ ಸರ್ವಿಸ್ ಹೋಗುತ್ತೇನೆ. ಬಸ್ಸು ತಪ್ಪಿಸಿಕೊಂಡವರು, ಬಸ್ಸೇ ಬಾರದ ದಾರಿಯವರು, ಸಾಮಾನಿನ ಚೀಲ ಹೊತ್ತವರು ಎಲ್ಲರೂ ನನ್ನ ಜೀಪಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಮನೆಯ ಕಷ್ಟದಿಂದ ಎಂದು ಹೇಳಬಹುದು, ಆದರೆ ಅದು ಪೂರ್ತಿ ನಿಜವಲ್ಲ. ನನಗೆ ಶಾಲೆಯ ಬೆಂಚಿಗಿಂತ ಜೀಪಿನ ಹಿಂದಿನ ಮೆಟ್ಟಿಲಲ್ಲಿ ನಿಂತು ಹೋಗುವುದೇ ಹೆಚ್ಚು ಇಷ್ಟವಾಗಿತ್ತು. ತಂಗಿ ನನಗಿಂತ ಹನ್ನೊಂದು ವರ್ಷ ಸಣ್ಣವಳು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದ್ದು ಅಣ್ಣ ಎಂದು ಊರಲ್ಲಿ ಹೇಳುತ್ತಾರೆ. ಅಮ್ಮ ಕಟ್ಟಿದ ಬೀಡಿಯ ಪಾಲು ಅದರಲ್ಲಿ ಎಷ್ಟು ಎಂದು ಯಾರೂ ಹೇಳುವುದಿಲ್ಲ. ನಾನೂ ಹೇಳಿಲ್ಲ.

ನಮ್ಮ ಕಡೆ ಎರಡು ಮೈಲಿಗೊಂದು ಕ್ಲಬ್ಬು. ಪ್ರತಿ ಕ್ಲಬ್ಬಿಗೊಂದು ಹೆಸರಿನ ಬೋರ್ಡು, ಒಂದು ಕೇರಂ ಬೋರ್ಡು, ಗುಡ್ಡ ಸಮತಟ್ಟು ಮಾಡಿದ ಒಂದು ವಾಲಿಬಾಲ್ ಕೋರ್ಟು. ಭಾನುವಾರ ಸಂಜೆ ನಾನು ತಂಗಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಚೆಂಡು ಕೆಳಗಿನ ಪೊದೆಗೆ ಉರುಳಿದರೆ ತರುವುದು ಅವಳ ಕೆಲಸ. ಏಳೆಂಟು ವರ್ಷವಿರಬೇಕು ಆಗ. ಪೊದೆಯಿಂದ ಹೊರಬಂದವಳು ಚೆಂಡನ್ನು ಎಸೆಯುತ್ತಿರಲಿಲ್ಲ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಹೊಡೆದು ಕಳಿಸುತ್ತಿದ್ದಳು. ಅದು ನೇರವಾಗಿ ಆಟಗಾರರ ಕೈಗೇ ಬರುತ್ತಿತ್ತು. ಕ್ಲಬ್ಬಿನಲ್ಲಿ ವಿಸಿಲ್ ಊದುವ ಹಿರಿಯರೊಬ್ಬರಿದ್ದಾರೆ. ಹಿಂದೆ ದೊಡ್ಡ ಆಟಗಾರರಾಗಿದ್ದವರು, ಮೊಣಕಾಲು ಕೆಟ್ಟ ಮೇಲೆ ರೆಫ್ರಿಯಾದ ಬ್ಯಾರಿ ಮುಸಲ್ಮಾನರು. ಜಾತಿ ಧರ್ಮ ನೋಡದೆ ಇಡೀ ಊರು ಅವರನ್ನು ಕಾಕ ಎಂದೇ ಕರೆಯುವುದು. ಒಂದು ದಿನ ಅವರು ಆಟ ನಿಲ್ಲಿಸಿ ಹೇಳಿದರು:

"ಈ ಹುಡುಗಿಯ ಕೈ ನೋಡಿದ್ರಾ ಮಾರಾಯ್ರೇ? ಇವಳನ್ನು ಹೊರಗೆ ನಿಲ್ಲಿಸಿ ನಿಮ್ಮನ್ನು ಒಳಗೆ ಆಡಿಸಿದ್ರೆ ನಂಗೆ ಪಾಪ ಬರ್ತದೆ."

ಮರುದಿನದಿಂದ ಕಾಕ ಅವಳಿಗೆ ಕಲಿಸಲು ಶುರುಮಾಡಿದರು. ಶಾಲೆ ಬಿಟ್ಟ ಮೇಲೆ ದಿನಾ ಒಂದು ಗಂಟೆ. ಕೆಲವರು ಮೂಗು ಮುರಿದರು, ಕಾಕ ಕೇಳಿಸಿಕೊಳ್ಳಲಿಲ್ಲ. ಅವಳು ಶಾಲೆಯ ಟೀಮಿಗೆ, ಆಮೇಲೆ ಕಾಲೇಜಿನ ಟೀಮಿಗೆ ಆಡಿದಳು, ಆಟದ ಕೋರ್ಸು ಮುಗಿಸಿದಳು. ಎರಡು ವರ್ಷ ಒಂದು ಶಾಲೆಯಲ್ಲಿ ಡೈಲಿ ವೇಜ್ ಪಿ.ಟಿ. ಟೀಚರಾಗಿದ್ದಳು. ಮೂರನೆಯ ವರ್ಷ ಆ ಹುದ್ದೆಗೆ ಮಕ್ಕಳ ಸಂಖ್ಯೆ ಸಾಲಲಿಲ್ಲ ಎಂದರು. ಮನೆಗೆ ಬಂದು ಕೂತಳು.

ಹಾಗಿರುವಾಗ ಒಂದು ಸಂಜೆ, ನಾನು ಅಂಗಳದಲ್ಲಿ ಜೀಪಿನ ಟಯರು ಬದಲಿಸುತ್ತಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಅಣ್ಣ, ನಾನು ಟಾಂಜಾನಿಯಾಕ್ಕೆ ಹೋಗ್ತೇನೆ."

"ಅದು ಯಾವ ಕಡೆ? ದುಬೈ ದಾಟಿ ಹೋಗ್ಬೇಕಾ?"

"ದುಬೈಯ ಆ ಕಡೆ. ಆಫ್ರಿಕಾ. ಅಲ್ಲಿ ಒಂದು ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸ್ಲಿಕ್ಕೆ. ಒಂದು ವರ್ಷ."

"ಸಂಬಳ?"

"ಸಂಬಳ ಇಲ್ಲ. ಊಟ, ರೂಮು, ಹೋಗಿ ಬರುವ ಟಿಕೆಟು ಅವರದ್ದು."

ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅಮ್ಮ ಮೊರದಿಂದ ತಲೆ ಎತ್ತದೆ ಕೇಳಿದರು, "ಊಟ, ರೂಮು ನಿಂಗೆ ಇಲ್ಲಿ ಇಲ್ವಾ?"

ತಂಗಿಗೆ ನಗು ಬಂತು. ನನಗೂ ಬಂತು. ನಗುತ್ತಲೇ ಅವಳು ಹೇಳಿದಳು, "ಅಲ್ಲಿ ಆ ಮಕ್ಕಳಿಗೆ ಆಟ ಹೇಳಿಕೊಡುವವರೇ ಇಲ್ಲಮ್ಮ. ನಂಗೆ ಕಾಕ ಕಲಿಸುವಾಗ ಸಂಬಳ ತಕೊಂಡಿದ್ರಾ?"

ಅಮ್ಮ ಮೊರದಿಂದ ಇನ್ನೊಂದು ಎಲೆ ಎತ್ತಿಕೊಂಡರು. ಮಳೆಗಾಲ ಮುಗಿದ ಮೇಲೆ ಅವಳು ಹೊರಟಳು. ಮಂಗಳೂರಿನ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ಅವಳ ಚೀಲದಲ್ಲಿ ಬಟ್ಟೆಗಳ ಮೇಲೆ ಎರಡು ವಾಲಿಬಾಲ್ ಇದ್ದವು, ಗಾಳಿ ತೆಗೆದು ಚಪ್ಪಟೆ ಮಾಡಿ ಇಟ್ಟದ್ದು. ಜೊತೆಗೆ ಕಾಕ ಕೊಟ್ಟ ವಿಸಿಲ್ಲು.

ತಪ್ಪು ಶುರುವಾದದ್ದು ಮರುದಿನ ಬೆಳಿಗ್ಗೆಯ ಮೊದಲ ಟ್ರಿಪ್ಪಿನಲ್ಲಿ.

ನಮ್ಮ ಊರಲ್ಲಿ ವಿಮಾನ ಹತ್ತುವುದು ಹೊಸದೇನಲ್ಲ. ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಆದರೆ ವಿಮಾನ ಹತ್ತಿದವರು ದುಡಿಯಲು ಹತ್ತುತ್ತಾರೆ. ಹತ್ತಿ ಹೋಗಿ ಬರಿಗೈಯಲ್ಲಿ ಬಂದವರ ಕಥೆಯನ್ನು ಊರು ವರ್ಷಗಟ್ಟಲೆ ಹೇಳುತ್ತದೆ. ಬರಿಗೈಯಲ್ಲೇ ಇರುತ್ತೇನೆಂದು ಹೇಳಿ ಹೋದವರ ಕಥೆ ಮಾತ್ರ ನಮ್ಮಲ್ಲಿ ಇರಲಿಲ್ಲ. ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ಹೆಂಗಸೊಬ್ಬರು ಮುಂದಿನ ಸೀಟಿನಲ್ಲಿ ಕೂತಿದ್ದರು.

"ತಂಗಿ ವಿಮಾನ ಹತ್ತಿದ್ಲಂತೆ ಅಲ್ವಾ ಡ್ರೈವರಣ್ಣ? ಎಂತ ಕೆಲಸ?"

"ಶಾಲೆಯಲ್ಲಿ. ಆಫ್ರಿಕಾದಲ್ಲಿ."

"ಒಳ್ಳೆ ಸಂಬಳ ಇರ್ಬೇಕು."

ಏರು ರಸ್ತೆ. ಗೇರು ಬದಲಿಸುವಷ್ಟು ಹೊತ್ತು ಸಿಕ್ಕಿತು ಯೋಚಿಸಲು. ಸಂಬಳ ಇಲ್ಲ ಎಂದರೆ ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು: ಮತ್ತೆ ಎಂತಕ್ಕೆ ಹೋದದ್ದು? ಇಷ್ಟು ಓದಿಸಿದ್ದು ಇದಕ್ಕಾ?

"ಉಂಟು, ಉಂಟು. ತೊಂದರೆ ಇಲ್ಲ," ಎಂದೆ.

ಅಷ್ಟೇ ಹೇಳಿದ್ದು. ಸಂಜೆಯ ಟ್ರಿಪ್ಪಿನಲ್ಲಿ ಹತ್ತಿದ ಪೆನ್ಶನ್ ಮಾಷ್ಟ್ರೊಬ್ಬರು, "ಇಂಟರ್‌ನ್ಯಾಷನಲ್ ಶಾಲೆಯಂತೆ, ಹೌದಾ?" ಎಂದು ಕೇಳಿದರು. ನಾನು ಹಾಗೆ ಹೇಳಿರಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಆ ವಾರ ಮುಗಿಯುವಾಗ ಆ ಶಾಲೆಗೆ ಈಜುಕೊಳ ಬಂದಿತ್ತು. ತಿಂಗಳಾಗುವಾಗ ತಂಗಿಯ ಕೈಕೆಳಗೆ ನಾಲ್ಕು ಮಂದಿ ಕೋಚುಗಳಿದ್ದರು. ಜೀಪಿನಲ್ಲಿ ಹತ್ತಿದ ಸುದ್ದಿ ಪ್ರತಿ ಸ್ಟಾಪಿನಲ್ಲಿ ಇಳಿಯುತ್ತದೆ, ವಾಪಸು ಹತ್ತುವಾಗ ದಪ್ಪವಾಗಿರುತ್ತದೆ. ಓಡಿಸುವವನು ನಾನೇ ಆದ್ದರಿಂದ ನಿಲ್ಲಿಸುವುದು ನನ್ನಿಂದ ಆಗುತ್ತಿತ್ತು. ನಿಲ್ಲಿಸಲಿಲ್ಲ. ಒಂದು ಮಾತು ಒಪ್ಪಿಕೊಳ್ಳಬೇಕು: ಅವಳ ಮರ್ಯಾದೆ ಉಳಿಸಲು ಹೀಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಜನ ನನ್ನನ್ನು ನೋಡುವ ರೀತಿ ಬದಲಾದದ್ದು ನನಗೆ ರುಚಿಸಿತ್ತು. ಆರನೇ ಕ್ಲಾಸಿನ ಜೀಪು ಡ್ರೈವರನ್ನು ಮಾಷ್ಟ್ರು ತಾವಾಗಿ ಮಾತಾಡಿಸಿ ನಗುತ್ತಿದ್ದರು.

ಅತ್ತ ತಂಗಿ ವಾರಕ್ಕೆರಡು ಸಲ ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸುತ್ತಿದ್ದಳು. ನನಗೆ ಓದುವುದಕ್ಕಿಂತ ಕೇಳುವುದು ಸುಲಭ ಎಂದು ಅವಳಿಗೆ ಗೊತ್ತು. ಟ್ರಿಪ್ಪುಗಳ ನಡುವೆ, ಸ್ಟ್ಯಾಂಡಿನ ನೆರಳಲ್ಲಿ ಜೀಪು ನಿಲ್ಲಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದೆ. ಬೇರೆ ಯಾರ ಕಿವಿಗೂ ಬೀಳಬಾರದಲ್ಲ.

ಆ ಶಾಲೆಗೆ ಗಂಟೆಯಿಲ್ಲ, ಮರಕ್ಕೆ ನೇತುಹಾಕಿದ ಲಾರಿಯ ರಿಮ್ಮಿಗೆ ಕಲ್ಲಿನಿಂದ ಬಡಿಯುತ್ತಾರೆ. ಒಂದೊಂದು ಕ್ಲಾಸಿನಲ್ಲಿ ಎಂಬತ್ತು ಮಕ್ಕಳು, ಹಿಂದಿನ ಸಾಲಿನವರಿಗೆ ಕೂರಲು ನೆಲ. ಟೀಚರಿಗೆ ಅಲ್ಲಿನ ಭಾಷೆಯಲ್ಲಿ ಮ್ವಾಲಿಮು ಎನ್ನುತ್ತಾರೆ. ಮೊದಲ ದಿನ ಅಕ್ಕ ತಂಗಿ ಇಬ್ಬರು ಹುಡುಗಿಯರು ಓಡಲು ಬಂದದ್ದು ಒಂದೊಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು. ಇದ್ದದ್ದು ಒಂದೇ ಜೊತೆ, ಜಗಳವಾಡದೆ ಹಂಚಿಕೊಂಡಿದ್ದರು. "ನಾವು ಹಾಗೆ ಹಂಚಿಕೊಂಡದ್ದು ಎಂತ ಇಲ್ಲ ಅಲ್ವಾ ಅಣ್ಣ? ನೀನು ಎಲ್ಲ ನಂಗೇ ಕೊಟ್ಟೆ," ಎಂದು ಅದರಲ್ಲಿ ಹೇಳಿದ್ದಳು. ಅದನ್ನು ನಾನು ಎರಡು ಸಲ ಕೇಳಿದೆ.

ಅವಳು ಮೊದಲು ಕಲಿಸಿದ್ದು ಕಬಡ್ಡಿ. ಅದಕ್ಕೆ ಸಾಮಾನು ಬೇಡವಲ್ಲ, ಬೂದಿಯಲ್ಲಿ ಗೆರೆ ಎಳೆದರಾಯಿತು. ಮಕ್ಕಳಿಗೆ ಹುಚ್ಚು ಹಿಡಿಯಿತು. ನೀರು ತರಲು ಹೋಗುವ ದಾರಿಯಲ್ಲೂ ತಲೆಯ ಮೇಲೆ ಬಕೆಟ್ಟು ಇಟ್ಟುಕೊಂಡು ಕಬಡ್ಡಿ ಕಬಡ್ಡಿ ಎನ್ನುತ್ತ ಯಾರು ಹೆಚ್ಚು ಉಸಿರು ಹಿಡಿಯುತ್ತಾರೆಂದು ಪಂಥ. ಹೆಡ್‌ಮಾಷ್ಟ್ರು ಒಂದು ದಿನ ಟೈಯನ್ನು ಹೆಗಲಿನ ಹಿಂದೆ ಹಾಕಿ ತಾವೂ ರೈಡಿಗೆ ಬಂದರಂತೆ. ಐದನೇ ಕ್ಲಾಸಿನ ಹುಡುಗಿಯರು ಅವರನ್ನು ಕಾಲು ಹಿಡಿದು ಮಲಗಿಸಿಬಿಟ್ಟರು. "ನಾಳೆ ನನ್ನನ್ನು ವಿಮಾನ ಹತ್ತಿಸ್ತಾರೆ ಅಂತ ಎಣಿಸಿದೆ," ಎಂದು ತಂಗಿ ಬಿದ್ದು ಬಿದ್ದು ನಗುತ್ತಿದ್ದಳು. "ಅವ್ರು ಎದ್ದು ಧೂಳು ಕೊಡವಿ, ನಾಳೆ ಎಷ್ಟು ಗಂಟೆಗೆ ಅಂತ ಕೇಳಿದ್ರು ಅಣ್ಣ!"

ಆಮೇಲೆ ವಾಲಿಬಾಲ್. ಅವಳ ಜೀವ ಇದ್ದದ್ದು ಅದರಲ್ಲಿ. ಮರದಿಂದ ಮರಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೆ ಹಳೆಯ ಬಟ್ಟೆಯ ಚೂರು ನೇತುಹಾಕಿ ನೆಟ್ಟು ಮಾಡಿಕೊಂಡರು. ತಂದಿದ್ದ ಎರಡು ಚೆಂಡುಗಳಲ್ಲಿ ಒಂದು ಎರಡೇ ವಾರಕ್ಕೆ ಹೋಯಿತು. ಆ ಮೈದಾನದ ಸುತ್ತ ಬೆರಳುದ್ದದ ಮುಳ್ಳಿನ ಗಿಡಗಳು. ಇನ್ನೊಂದನ್ನು ಮಕ್ಕಳು ಮಗುವಿನ ಹಾಗೆ ನೋಡಿಕೊಂಡರು, ಗಿಡದ ಕಡೆ ಹೋಗದ ಹಾಗೆ ಸುತ್ತ ಕೈ ಹಿಡಿದು ಬೇಲಿಯ ಹಾಗೆ ನಿಲ್ಲುತ್ತಿದ್ದರು. ಆದರೂ ಒಂದು ದಿನ ಅದೂ ಹೋಯಿತು. ಅಲ್ಲಿನ ಮಕ್ಕಳು ಪ್ಲಾಸ್ಟಿಕ್ ಚೀಲ, ಚಿಂದಿ ಸುತ್ತಿ ಹಗ್ಗ ಬಿಗಿದು ತಾವೇ ಚೆಂಡು ಮಾಡುತ್ತಾರೆ. ಕಾಲಲ್ಲಿ ಒದೆಯಲು ಅದು ಆಗುತ್ತದೆ, ಕೈಯಲ್ಲಿ ಹೊಡೆದರೆ ಮಣಿಕಟ್ಟು ನೋಯುತ್ತದೆ.

ಆಗ ಅವಳು ನನ್ನಲ್ಲಿ ಕೇಳಿದ್ದು. ನಮ್ಮ ಪಕ್ಕದ ಉಪ್ಪಳದವರೊಬ್ಬರು ಆ ಶಾಲೆಯ ಹತ್ತಿರದ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ, ಊರಿಗೆ ಬಂದಿದ್ದಾರೆ, ಮುಂದಿನ ತಿಂಗಳು ವಾಪಸು ಬರುವಾಗ ಒಂದು ಚೀಲ ತರಲು ಒಪ್ಪಿದ್ದಾರೆ.

"ಹೊಸದು ಬೇಡ ಅಣ್ಣ. ಕ್ಲಬ್ಬಿನ ರೂಮಲ್ಲಿ ಪ್ರತಿ ಟೂರ್ನಮೆಂಟಿನ ಹಳೆ ಬಾಲು ಬಿದ್ದಿರ್ತದೆ. ಕಾಕನ ಹತ್ರ ನನ್ನ ಹೆಸ್ರು ಹೇಳಿ ಕೇಳು. ಗಾಳಿ ತೆಗೆದ್ರೆ ಹತ್ತಾದ್ರೂ ಒಂದು ಚೀಲದಲ್ಲಿ ಹಿಡೀತದೆ. ಮಕ್ಕಳಿಗೆ ಹೇಳಿಬಿಟ್ಟಿದ್ದೇನೆ, ನನ್ನ ಊರಿಂದ ಬರ್ತದೆ ಅಂತ."

ಆ ದಿನವೇ ಹೋದೆ. ಕ್ಲಬ್ಬಿನಲ್ಲಿ ಕೇರಂ ನಡೆಯುತ್ತಿತ್ತು. ನನ್ನನ್ನು ಕಂಡದ್ದೇ ಸೆಕ್ರೆಟರಿ ಸ್ಟ್ರೈಕರು ಕೈಯಲ್ಲೇ ಹಿಡಿದು ಎದ್ದು ನಿಂತ.

"ಬನ್ನಿ ಬನ್ನಿ, ಫಾರಿನ್ ಅಣ್ಣ! ನಿಮ್ಮ ತಂಗಿಯ ಶಾಲೆಯಲ್ಲಿ ಹುಲ್ಲಿನ ಕೋರ್ಟಾ, ಮರದ ಹಲಗೆ ಹಾಸಿದ ಕೋರ್ಟಾ?"

"ಮರದ್ದಿರಬೇಕು," ಎಂದು ಬೇರೆ ಯಾರೋ ಹೇಳಿದರು. "ಈಜುಕೊಳ ಇದ್ದ ಮೇಲೆ ಮತ್ತೆ?"

ಕಾಕ ಮೂಲೆಯ ಬೆಂಚಿನಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಅವಳು ಚಂದ ಇದ್ದಾಳಲ್ಲ? ಅಷ್ಟು ಸಾಕು," ಎಂದರು. ಅವರ ಬೆನ್ನ ಹಿಂದೆ ಗೋಡೆಯ ಮೂಲೆಯಲ್ಲಿ ಹಳೆಯ ಚೆಂಡುಗಳು ರಾಶಿ ಬಿದ್ದಿದ್ದವು. ನನಗೆ ಕಾಣುತ್ತಿತ್ತು. ಮರದ ಕೋರ್ಟು, ನಾಲ್ಕು ಕೋಚು, ಈಜುಕೊಳ ಇರುವ ಶಾಲೆಗೆ ಈ ಸವೆದ ಚೆಂಡು ಎಂತಕ್ಕೆ ಎಂದು ಕೇಳಿದರೆ ನಾನು ಎಂತ ಹೇಳುವುದು? ಒಂದು ಚಹಾ ಕುಡಿದು ಎದ್ದು ಬಂದೆ. ಮತ್ತೆರಡು ಸಲ ಹೋದೆ. ಒಂದು ಸಲ ಬಾಗಿಲ ತನಕ, ಇನ್ನೊಂದು ಸಲ ಬೋರ್ಡಿನ ತನಕ.

ಉಪ್ಪಳದವರು ಹೊರಡುವ ಮೊದಲು ಪೇಟೆಯಲ್ಲಿ ಎರಡು ಚೆಂಡು ಕೊಂಡು ಅವರ ಮನೆಗೆ ಮುಟ್ಟಿಸಿದೆ. ಮಕ್ಕಳಿಗೆ ಹುಟ್ಟುಹಬ್ಬಕ್ಕೆ ಕೊಡುವ ರಬ್ಬರಿನವು, ಅಗ್ಗದವು. ಆಮೇಲೆ ಫೋನಿನಲ್ಲಿ ತಂಗಿಗೆ, ಎರಡು ಕಳಿಸಿದ್ದನ್ನು ತಿಳಿಸಿ, ಹೇಳಿದೆ:

"ಕೇಳಿದೆ. ಅವರಿಗೇ ಬೇಕಂತೆ. ಕೊಡ್ಲಿಲ್ಲ."

"ಕಾಕನೂ?"

ಇಲ್ಲಿಗೆ ನಿಲ್ಲಿಸಬಹುದಿತ್ತು. "ಕಾಕನೂ," ಎಂದೆ.

ಆಚೆ ಕಡೆಯಿಂದ ಮಕ್ಕಳ ಗದ್ದಲ ಕೇಳುತ್ತಿತ್ತು. "ಇರ್ಲಿ ಅಣ್ಣ. ನೀನಾದ್ರೂ ಎರಡು ಕಳಿಸಿದ್ಯಲ್ಲ," ಎಂದಳು. ಆ ಎರಡು ಚೆಂಡಿಗೆ ಅವಳು ಎಷ್ಟು ಸಲ ಥ್ಯಾಂಕ್ಸ್ ಹೇಳಿದಳೆಂದರೆ ಫೋನು ಇಡುವ ತನಕ ನನಗೆ ಕೂರಲಾಗಲಿಲ್ಲ. ಅವು ಹತ್ತು ದಿನ ಬಾಳಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ವಿಡಿಯೋ ಬಂತು. ಹಗ್ಗದ ನೆಟ್ಟಿನ ಎರಡು ಕಡೆ ಆರಾರು ಮಕ್ಕಳು. ಒಬ್ಬಳು ಸರ್ವ್ ಮಾಡಿದಳು, ಕೈ ಬೀಸಿದಳು, ಚೆಂಡಿಲ್ಲ. ಎದುರಿನವನು ಬಗ್ಗಿ ಎರಡೂ ಕೈ ಜೋಡಿಸಿ ಎತ್ತಿದ. ಇನ್ನೊಬ್ಬಳು ಬೆರಳ ತುದಿಯಲ್ಲಿ ಮೇಲಕ್ಕೆ ಕಳಿಸಿದಳು, ಮೂರನೆಯವನು ಓಡಿ ಬಂದು ಹಾರಿ ಹೊಡೆದ. ಎಲ್ಲರ ಕಣ್ಣೂ ಇಲ್ಲದ ಚೆಂಡಿನ ಹಿಂದೆ ಒಟ್ಟಿಗೆ ತಿರುಗುತ್ತಿದ್ದವು. ಕೊನೆಗೆ ಅದು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಜಗಳ ಹತ್ತಿತು. ಒಬ್ಬ ಹುಡುಗ ನೆಲಕ್ಕೆ ಬೆರಳು ಚುಚ್ಚಿ ಬಿದ್ದ ಗುರುತು ತೋರಿಸುತ್ತಿದ್ದ! ತಂಗಿ ವಿಸಿಲ್ ಊದಿ ಪಾಯಿಂಟು ಕೊಟ್ಟಳು. ಸೋತವರು ಒಪ್ಪಲಿಲ್ಲ.

ಮೊದಲು ನಾನು ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಆಟೋದವನು, "ಎಂತ ಮಾರಾಯ, ತೋರ್ಸು," ಎಂದು ಬಗ್ಗಿದ. ನಾನು ಫೋನನ್ನು ಕಿಸೆಗೆ ಹಾಕಿ ಬಿಟ್ಟೆ. ಊರಿಗೆಲ್ಲ ತೋರಿಸಬೇಕಾದ ತಂಗಿಯ ಕೆಲಸವನ್ನು ಕಳ್ಳಮಾಲಿನ ಹಾಗೆ ಮುಚ್ಚಿಟ್ಟವನು ನಾನು. ಆ ಹೊತ್ತು ನಗು ಹೋಯಿತು. ಆದರೂ ಕ್ಲಬ್ಬಿಗೆ ಹೋಗಲಿಲ್ಲ.

ವರ್ಷ ಕಳೆದು ತಂಗಿ ಬಂದಳು, ಒಂದು ತಿಂಗಳ ಮಟ್ಟಿಗೆ. ಅಲ್ಲಿನ ಹೆಡ್‌ಮಾಷ್ಟ್ರು ಇನ್ನೊಂದು ವರ್ಷ ಬೇಕೆಂದು ಕೇಳಿದ್ದರು. ಬಿಸಿಲಿಗೆ ಕಪ್ಪಾಗಿದ್ದಳು, ಸಪೂರವಾಗಿದ್ದಳು, ಚೆನ್ನಾಗಿದ್ದಳು. ಅಮ್ಮನಿಗೊಂದು ಬಣ್ಣಬಣ್ಣದ ಬಟ್ಟೆ, ನನಗೆ ಮಕ್ಕಳು ಬಿಡಿಸಿದ ಜೀಪಿನ ಚಿತ್ರ. ಅಮ್ಮ ಆ ಬಟ್ಟೆಯನ್ನು ಮೂಸಿ ನೋಡಿ, "ಅಲ್ಲಿ ತಿನ್ಲಿಕ್ಕೆ ಎಂತ ಕೊಡ್ತಾ ಇದ್ರು ನಿಂಗೆ?" ಎಂದು ಒಂದೇ ಪ್ರಶ್ನೆಯನ್ನು ನಾಲ್ಕು ದಿನ ಕೇಳಿದರು.

ಐದನೆಯ ದಿನ ನಾನು ಅವಳನ್ನು ಪೇಟೆಗೆ ಕರೆದುಕೊಂಡು ಹೊರಟೆ. ಕ್ಲಬ್ಬಿನ ಎದುರು ಜೀಪು ಹೋಗುವಾಗ ಕಾಕ ಮೆಟ್ಟಿಲಲ್ಲಿ ಕೂತಿದ್ದರು. ಕೈ ಎತ್ತಿದರು. ತಂಗಿ ಮುಖವನ್ನು ಈ ಕಡೆಗೆ ತಿರುಗಿಸಿಕೊಂಡಳು. ಎತ್ತಿದ ಕೈ ಹಾಗೇ ಇದ್ದುದನ್ನು ನಾನು ಕನ್ನಡಿಯಲ್ಲಿ ನೋಡಿದೆ.

"ಕಾಕ ಅಲ್ವಾ ಅದು," ಎಂದೆ, ಏನೂ ತಿಳಿಯದವನ ಹಾಗೆ.

"ಗೊತ್ತುಂಟು," ಎಂದಳು.

ಆ ಭಾನುವಾರ ಬೆಳಿಗ್ಗೆ ಸೆಕ್ರೆಟರಿ, ಇನ್ನಿಬ್ಬರು ಮೆಂಬರುಗಳು ಮತ್ತು ಕಾಕ ನಮ್ಮ ಮನೆಗೆ ಬಂದರು. ಕಾಕನಿಗೆ ಅಷ್ಟು ಏರು ಹತ್ತುವುದು ಕಷ್ಟ, ಆದರೂ ಬಂದಿದ್ದರು. ಅಮ್ಮ ಚಾಪೆ ಹಾಸಿ ಚಹಾ ಇಟ್ಟರು. ತಂಗಿ ಕಂಬಕ್ಕೆ ಒರಗಿ ನಿಂತಳು, ಕೂರಲಿಲ್ಲ. ಸೆಕ್ರೆಟರಿ ಗಂಟಲು ಸರಿಮಾಡಿದ.

"ಟೀಚರೇ, ನಮ್ಮ ಟೂರ್ನಮೆಂಟು ಉಂಟು ಬರುವ ತಿಂಗಳು. ಈ ಸಲ ದೊಡ್ಡ ಟ್ರೋಫಿ ನಿಮ್ಮ ಲೆಕ್ಕದಲ್ಲಿ ಆಗ್ಬೇಕು ಅಂತ ಎಲ್ಲರ ಆಸೆ. ಇಷ್ಟು ದೊಡ್ಡ ಕೆಲಸದಲ್ಲಿದ್ದೀರಿ. ಊರಿನ ಕ್ಲಬ್ಬು ಬೇರೆ ಯಾರನ್ನು ಕೇಳುದು?"

ತಂಗಿಯ ಮುಖ ಕೆಂಪಾಯಿತು. "ನಾನು ಕೇಳಿದಾಗ ಒಂದು ಹಳೆ ಬಾಲು ಕೊಡ್ಲಿಕ್ಕೆ ಆಗ್ಲಿಲ್ಲ ನಿಮಗೆ. ಈಗ ಟ್ರೋಫಿಯಾ?"

"ಬಾಲಾ? ಯಾವ ಬಾಲು?"

"ಹಳೆಯದು. ಆಡಿ ಬಿಟ್ಟದ್ದು."

"ಯಾರು ಕೇಳಿದ್ದು ಮಾರಾಯ್ತಿ? ನಮ್ಮ ರೂಮಲ್ಲಿ ರಾಶಿ ಬಿದ್ದುಂಟು, ಇಲಿ ತೂತು ಮಾಡ್ತಾ ಉಂಟು! ಎಸೀಲಿಕ್ಕೆ ಮನಸ್ಸು ಬರ್ಲಿಲ್ಲ ಅಂತ ಇಟ್ಟದ್ದು. ನಿಮ್ಮ ಅಂಥ ಶಾಲೆಗೆ ಹಳೆ ಬಾಲು ಎಂತಕ್ಕೆ?"

"ಎಂಥ ಶಾಲೆಗೆ?"

ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಅವಳೊಬ್ಬಳು ನೋಡಿದಳು. ಚಿಕ್ಕವಳಿದ್ದಾಗ ನಾನು ಅವಳ ಪೆನ್ಸಿಲು ಮುರಿದು ಬೆಕ್ಕಿನ ಮೇಲೆ ಹೊರಿಸಿದ್ದೆ, ಆಗಲೂ ಹೀಗೇ ನೋಡಿದ್ದಳು. ನಾನು ನೆಲ ನೋಡಿದೆ. ಅಷ್ಟರಲ್ಲಿ ಅವಳಿಗೆ ಎಲ್ಲ ತಿಳಿದಿತ್ತು.

ಅವಳು ಆ ಕ್ಷಣ ಒಂದು ಮಾತು ಹೇಳಿದ್ದರೆ ನನ್ನ ಸುಳ್ಳೆಲ್ಲ ಬಯಲಾಗುತ್ತಿತ್ತು. ಹೇಳಲಿಲ್ಲ. "ಇಲ್ಲ, ಅದು... ಕೇಳ್ಬೇಕು ಅಂತ ನಾನೇ ಎಣಿಸಿದ್ದು. ಕೇಳಿದ್ದೇನೆ ಅಂತ ನೆನಪಲ್ಲಿ ಉಳಿದದ್ದು. ಕೋಪ ಮಾಡ್ಬೇಡಿ ಸೆಕ್ರೆಟ್ರೀ," ಎಂದಳು. ಕಾಕನ ಹತ್ತಿರ ಹೋಗಿ ಅವರ ಚಹಾದ ಲೋಟ ತೆಗೆದುಕೊಂಡು ಪುನಃ ತುಂಬಿಸಿ ತಂದಳು. ಟ್ರೋಫಿಯ ಮಾತನ್ನು ಆಮೇಲೆ ಹೇಳುತ್ತೇನೆ ಎಂದು ಅವರನ್ನು ಕಳಿಸಿದಳು.

ಅವರು ಇಳಿದು ಹೋದ ಮೇಲೆ ನಾನು ಜೀಪಿನ ಬಾನೆಟ್ಟು ಎತ್ತಿ ಏನೂ ಇಲ್ಲದ ಕಡೆ ಏನೋ ಹುಡುಕತೊಡಗಿದೆ. ಅವಳು ಬಂದು ನಿಂತಳು.

"ನೀನು ಕೇಳ್ಲೇ ಇಲ್ಲ ಅಲ್ವಾ?"

"ಇಲ್ಲ."

"ನನ್ನ ಕೆಲಸ ಹೇಳ್ಲಿಕ್ಕೆ ನಾಚಿಕೆಯಾ ನಿಂಗೆ?"

ಇಲ್ಲ ಎನ್ನಲು ಬಾಯಿ ತೆರೆದೆ. ಸುಳ್ಳು ಸಾಕು ಎನಿಸಿತು. "ಆಗ ಆಗಿತ್ತು," ಎಂದೆ. ಮೊದಲ ದಿನದ ಟ್ರಿಪ್ಪಿನಿಂದ ಹಿಡಿದು ಎಲ್ಲ ಹೇಳಿದೆ. ಈಜುಕೊಳದ ಮಾತು ಬಂದಾಗ ಅವಳ ತುಟಿಯ ಮೂಲೆ ಸ್ವಲ್ಪ ಅಲುಗಿತು, ಆದರೆ ನಗಲಿಲ್ಲ.

"ಬಾಲಿನ ವಿಷಯ ಬಿಡು. ತಿಂಗಳುಗಟ್ಟಲೆ ನಾನು ಕಾಕನ ಮೇಲೆ ಕೋಪ ಮಾಡ್ಕೊಂಡು ಕೂತಿದ್ದೆ ಅಣ್ಣ. ಆ ಮಕ್ಕಳು ಪ್ರತಿ ಸೋಮವಾರ ಕೇಳ್ತಿದ್ರು, ಮ್ವಾಲಿಮು, ನಿಮ್ಮ ಊರಿಂದ ಬಂತಾ ಅಂತ. ನನ್ನ ಊರು ಕೊಡ್ಲಿಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ದಾರಿಯಲ್ಲಿ ಉಂಟು ಅಂತ ಹೇಳ್ತಿದ್ದೆ. ನಿನ್ನ ಹಾಗೆ ನಾನೂ ಸುಳ್ಳು ಹೇಳಿದೆ."

"ನನ್ನದು ತಪ್ಪಾಯ್ತು ಅಂತ..."

"ನಂಗೆ ಇಲ್ಲಿ ಬಾನೆಟ್ಟಿನ ಒಳಗೆ ತಲೆ ಹಾಕಿ ಹೇಳ್ಬೇಡ. ಯಾರ ಮೇಲೆ ಸುಳ್ಳು ಹೊರಿಸಿದ್ಯೋ ಅವರಿಗೆ ಹೇಳು. ನಾನು ಹೇಳುದಿಲ್ಲ."

ಎರಡು ದಿನ ಅವಳು ನನ್ನ ಜೀಪು ಹತ್ತಲಿಲ್ಲ. ಬಸ್ಸಿನಲ್ಲಿ ಹೋದಳು, ಬಸ್ಸಿನಲ್ಲಿ ಬಂದಳು. ಆದರೆ ಬೆಳಿಗ್ಗೆ ನಾನು ಹೊರಡುವ ಮೊದಲು ನನ್ನ ಊಟದ ಡಬ್ಬಿ ತುಂಬಿಸಿ ಸೀಟಿನ ಮೇಲೆ ಇಟ್ಟಿರುತ್ತಿದ್ದಳು, ಯಾವಾಗಲೂ ಹಾಕುವ ಉಪ್ಪಿನಕಾಯಿಯ ಸಮೇತ. ಅವಳು ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮೂರನೆಯ ದಿನ ಸಂಜೆಯ ಟ್ರಿಪ್ಪು ಬಿಟ್ಟು ಕ್ಲಬ್ಬಿನ ಮೈದಾನಕ್ಕೆ ಹೋದೆ. ಪ್ರಾಕ್ಟೀಸು ನಡೆಯುತ್ತಿತ್ತು. ಹತ್ತು ಹದಿನೈದು ಜನ, ಸುತ್ತ ನೋಡುವವರು, ಅವರಲ್ಲಿ ಪೆನ್ಶನ್ ಮಾಷ್ಟ್ರೂ ಇದ್ದರು. ತಂಗಿಗೆ ಬಾ ಎಂದು ಅಮ್ಮನ ಹತ್ತಿರ ಹೇಳಿ ಕಳಿಸಿದ್ದೆ, ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಬಂದಿದ್ದಳು. ಕೆಳಗಿನ ಅಂಚಿನಲ್ಲಿ ಕೈ ಕಟ್ಟಿ ನಿಂತಿದ್ದಳು.

ಕಾಕನ ಹತ್ತಿರ ಹೋಗಿ, "ಒಂದು ವಿಸಿಲ್ ಹೊಡೀರಿ, ಮಾತಾಡ್ಲಿಕ್ಕೆ ಉಂಟು," ಎಂದೆ.

"ಪಾಯಿಂಟು ಆಗ್ಲಿ ಮಾರಾಯ."

"ಪಾಯಿಂಟು ಆದ್ರೆ ನಂಗೆ ಧೈರ್ಯ ಹೋಗ್ತದೆ ಕಾಕ."

ಕಾಕ ನನ್ನ ಮುಖ ನೋಡಿ ವಿಸಿಲ್ ಊದಿದರು. ಆಟ ನಿಂತಿತು. ಸೆಕ್ರೆಟರಿ ಚೆಂಡನ್ನು ಸೊಂಟಕ್ಕೆ ಒತ್ತಿಕೊಂಡು, "ಎಂತ ಅಣ್ಣ, ಟ್ರೋಫಿ ಪಾಸಾಯ್ತಾ?" ಎಂದ. ಒಂದಿಬ್ಬರು ನಕ್ಕರು. ಜೀಪಿನಲ್ಲಿ ದಿನಕ್ಕೆ ನೂರು ಮಾತಾಡುವವನು ನಾನು. ಕೋರ್ಟಿನ ನಡುವಿಗೆ ಹೋಗಿ ನಿಂತೆ. ಮಾತಾಡಿದೆ. ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತರು.

"ನನ್ನ ತಂಗಿಗೆ ಅಲ್ಲಿ ಸಂಬಳ ಇಲ್ಲ. ಅದು ಬಡ ಮಕ್ಕಳ ಶಾಲೆ, ಈಜುಕೊಳ ಇಲ್ಲ, ಗಂಟೆ ಕೂಡ ಇಲ್ಲ. ಇವಳು ಪುಕ್ಕಟೆ ಕಲಿಸ್ತಾಳೆ, ಕಾಕ ಕಲಿಸಿದ ಹಾಗೆ. ದೊಡ್ಡ ಶಾಲೆ ಅಂತ ನೀವೆಲ್ಲ ಎಣಿಸುವಾಗ ನಾನು ಸುಮ್ಮನೆ ಇದ್ದೆ. ಹಳೆ ಬಾಲು ಕೇಳು ಅಂತ ಇವಳು ನಂಗೆ ಹೇಳಿದ್ಲು. ನಾನು ಕೇಳ್ಲಿಲ್ಲ. ನೀವು ಕೊಡ್ಲಿಲ್ಲ ಅಂತ, ಕಾಕನೂ ಕೊಡ್ಲಿಲ್ಲ ಅಂತ ಇವಳಿಗೆ ಹೇಳಿದೆ. ನಿಮ್ಮದು ಎಂತದೂ ತಪ್ಪಿಲ್ಲ. ಕಾಕ, ನನ್ನಿಂದ ತಪ್ಪಾಯ್ತು."

ಕಾಕ ಏನೋ ಹೇಳಲು ಹೊರಟರು. ನಾನು ಕೈ ಅಡ್ಡ ಹಿಡಿದು ಮೈದಾನದ ಅಂಚಿಗೆ ತಿರುಗಿದೆ. ಅವಳು ಕಟ್ಟಿದ್ದ ಕೈ ಬಿಟ್ಟಿದ್ದಳು.

"ತಂಗೀ, ನೀನು ಮಾಡಿದ ಕೆಲಸಕ್ಕೆ ನಾನು ನಾಚಿಕೆ ಪಟ್ಟೆ. ನಾಚಿಕೆ ಆಗ್ಬೇಕಾದ್ದು ನನ್ನ ಕೆಲಸಕ್ಕೆ. ನಿನ್ನ ಮಕ್ಕಳನ್ನು ತಿಂಗಳುಗಟ್ಟಲೆ ಕಾಯಿಸಿದವ ನಾನು. ಅವರಿಗೂ ಹೇಳು. ನನ್ನಿಂದ ತಪ್ಪಾಯ್ತು, ಕ್ಷಮಿಸು."